ಮಲಗಿದ ಬ್ಲಾಗುಗಳಿಗೊಂದು ಫೋಲ್ಡರ್: ಫೀಡ್‌ಬ್ರೋ ಬಳಸಿ ಕೆಲವು ವರ್ಷಗಳಾದ ಮೇಲೆ

ಫೀಡ್‌ಬ್ರೋ ಅಂದರೆ ನಮಗೆ ಬೇಕಾದ ಬ್ಲಾಗುಗಳ ಹೊಸ ಬರಹಗಳನ್ನು ಒಂದೇ ಕಡೆ ತಂದು ತೋರಿಸುವ, ಬ್ರೌಸರಿಗೆ ಜೋಡಿಸಿಕೊಳ್ಳುವ ಆಡ್‌ಆನ್. ಅದರಲ್ಲಿ ಏನೇನಿದೆ ಅನ್ನುವ ಪಟ್ಟಿಯನ್ನು ಡೌನ್‌ಲೋಡ್ ಪುಟದಲ್ಲೇ ಓದಿರುತ್ತೀರಿ, ಅದನ್ನು ಬಿಡುತ್ತೇನೆ. ನಾನು ಇದಕ್ಕೆ ಬಂದದ್ದು ಫೈರ್‌ಫಾಕ್ಸ್ 64ನೇ ಆವೃತ್ತಿಯಲ್ಲಿ, ಅಂದರೆ 2018ರ ಡಿಸೆಂಬರ್‌ನಲ್ಲಿ, ಬ್ಲಾಗುಗಳ ಹೊಸ ಶೀರ್ಷಿಕೆಗಳನ್ನು ಬುಕ್‌ಮಾರ್ಕ್ ಪಟ್ಟಿಯಲ್ಲೇ ತೋರಿಸುತ್ತಿದ್ದ ಲೈವ್ ಬುಕ್‌ಮಾರ್ಕ್ ಸೌಲಭ್ಯವನ್ನು ತೆಗೆದುಹಾಕಿದ ಮೇಲೆ. ಅದಕ್ಕೂ ಮೊದಲು ಇದೇ ಕೆಲಸಕ್ಕೆ ಗೂಗಲ್ ರೀಡರ್ ಇತ್ತು. ಅದು 2013ರ ಜುಲೈ 1ಕ್ಕೆ ಬಾಗಿಲು ಹಾಕಿತು. ಎರಡು ಸಲ ಗಂಟುಮೂಟೆ ಕಟ್ಟಿದವನಿಗೆ ಬೇಕಿದ್ದದ್ದು ಇಷ್ಟೇ: ನನ್ನ ಪಟ್ಟಿ ನನ್ನ ಹತ್ತಿರವೇ ಇರಬೇಕು, ತಿಂಗಳ ಚಂದಾ ಇರಬಾರದು. ಹಾಲು, ಪೇಪರ್, ಇಂಟರ್‌ನೆಟ್, ಓಟಿಟಿ ಅಂತ ಮೊದಲ ವಾರದಲ್ಲೇ ಸಂಬಳ ಕರಗುವ ಮನೆಯಲ್ಲಿ ಬ್ಲಾಗ್ ಓದುವುದಕ್ಕೂ ದುಡ್ಡು ಕಟ್ಟುತ್ತೇನೆ ಅಂದರೆ ನಗುತ್ತಾರೆ. ಇದು ಪುಕ್ಕಟೆ. ಖಾತೆ ತೆರೆಯಬೇಕಾಗಿಲ್ಲ, ಪಾಸ್‌ವರ್ಡ್ ನೆನಪಿಡಬೇಕಾಗಿಲ್ಲ.

ಬೆಳಿಗ್ಗೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವಷ್ಟು ಹೊತ್ತು ನನ್ನದು. ಲ್ಯಾಪ್‌ಟಾಪ್ ತೆರೆದರೆ ಆಡ್‌ಆನ್ ಒಂದೊಂದೇ ಬ್ಲಾಗಿನ ಫೀಡ್ (ಹೊಸ ಬರಹಗಳದ್ದೆಂದು ಬ್ಲಾಗೇ ಹೊರಗೆ ಕೊಡುವ ಪಟ್ಟಿ) ತಂದು, ಹೊಸತು ಎಷ್ಟಿದೆ ಅಂತ ಪಕ್ಕದಲ್ಲಿ ಅಂಕಿ ಹಾಕುತ್ತದೆ. ಮೂರು ಫೋಲ್ಡರ್ ಮಾಡಿಕೊಂಡಿದ್ದೇನೆ: ‘ದಿನದವರು’, ‘ಅಪರೂಪದವರು’, ‘ಮಲಗಿದವರು’. ದಿನದವರನ್ನು ಶೀರ್ಷಿಕೆ ನೋಡಿ ತಳ್ಳುತ್ತೇನೆ. ಅಪರೂಪದವರನ್ನು ಕಾಫಿ ಕೈಗೆ ಬರುವವರೆಗೆ ಮುಟ್ಟುವುದಿಲ್ಲ.

ಈ ವಿಮರ್ಶೆ ಬರೆಯಲು ಕಾರಣ ಮೂರನೆಯ ಫೋಲ್ಡರ್. 2007–08ರ ಸುಮಾರಿಗೆ ಕನ್ನಡದಲ್ಲಿ ಯಾರನ್ನು ಕೇಳಿದರೂ ಒಂದು ಬ್ಲಾಗ್ ಇತ್ತು. ಆಮೇಲೆ ಎಲ್ಲರೂ ಫೇಸ್‌ಬುಕ್ಕಿಗೆ ಗುಳೆ ಹೋದರು. ಆ ಬ್ಲಾಗುಗಳ ವಿಳಾಸ ನಾನು ಅಳಿಸಲಿಲ್ಲ. ಬರೆಯದವರ ಫೀಡ್‌ನಿಂದ ಯಾವ ತೊಂದರೆಯೂ ಇಲ್ಲ, ಸುಮ್ಮನೆ ಕೂತಿರುತ್ತದೆ. ಆದರೆ ಎಂದೋ ಒಂದು ದಿನ ‘ಮಲಗಿದವರು’ ಪಕ್ಕ (1) ಅಂತ ಬರುತ್ತದೆ ನೋಡಿ! ಮಲೆನಾಡಿನ ಮಳೆಯ ಬಗ್ಗೆ ಬರೆಯುತ್ತಿದ್ದವರೊಬ್ಬರು ಎಷ್ಟೋ ವರ್ಷದ ಮೇಲೆ ತಮ್ಮ ಅಜ್ಜಿಯ ಬಗ್ಗೆ ಬರೆದಿದ್ದರು. ಅದನ್ನು ಯಾರೂ ಹಂಚಿಕೊಂಡಿರಲಿಲ್ಲ, ಲೈಕು ಪಾಕು ಏನೂ ಇರಲಿಲ್ಲ. ಬೇರೆ ಯಾವ ದಾರಿಯಲ್ಲೂ ಅದು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಇದೇ ಫೋಲ್ಡರ್ ಹೊಟ್ಟೆ ಉರಿಸಿದ್ದೂ ಉಂಟು. ಒಂದು ದಿನ (14) ಅಂತ ತೋರಿಸಿತು. ಕುಣಿದಾಡಿಕೊಂಡು ತೆರೆದರೆ ಆನ್‌ಲೈನ್ ರಮ್ಮಿ! ಸ್ವಂತ ಡೊಮೇನ್ ಕೊಂಡಿದ್ದ ಕವಿಯೊಬ್ಬರು ನವೀಕರಿಸಿರಲಿಲ್ಲ, ಜೂಜಿನವರು ಆ ಹೆಸರನ್ನು ಎತ್ತಿಕೊಂಡಿದ್ದರು. ಬ್ಲಾಗರ್ ಪುಕ್ಕಟೆ ಕೊಡುವ ಬ್ಲಾಗ್‌ಸ್ಪಾಟ್ ವಿಳಾಸದಲ್ಲೇ ಉಳಿದವರಿಗೆ ವರ್ಷವರ್ಷ ನವೀಕರಿಸುವ ತಲೆನೋವಿಲ್ಲ.

ಸೋಸುವ ನಿಯಮಗಳ ಸೌಲಭ್ಯವನ್ನು ನಾನು ಬಳಸುವುದು ಹಬ್ಬಕ್ಕೆ. ಶೀರ್ಷಿಕೆಯಲ್ಲಿ ‘ಶುಭಾಶಯ’ ಕಂಡರೆ ಬಚ್ಚಿಡು ಅಂತ ಬರೆದಿಟ್ಟಿದ್ದೇನೆ. ಆದರೂ ಯುಗಾದಿಗೆ ಅರ್ಧಕ್ಕರ್ಧ ನುಗ್ಗಿಬಂದವು, ಏಕೆಂದರೆ ಅರ್ಧ ಜನ ‘ಶುಭಾಷಯ’ ಅಂತ ಬರೆಯುತ್ತಾರೆ. ಈಗ ಎರಡಕ್ಕೂ ನಿಯಮ ಇದೆ.

ಕೊಳ್ಳುವ ಮಾತಿಲ್ಲದಿದ್ದರೂ ಹಾಕಿಕೊಳ್ಳುವ ಮುಂಚೆ ಒಂದು ತಿಳಿದಿರಲಿ. ಇದು ಬ್ರೌಸರ್ ತೆರೆದಿದ್ದಾಗ ಮಾತ್ರ ಕೆಲಸ ಮಾಡುತ್ತದೆ. ಊರಿಗೆ ಹೋಗಿ ವಾರವಿಡೀ ಲ್ಯಾಪ್‌ಟಾಪ್ ಮುಚ್ಚಿಟ್ಟರೆ, ದಿನಕ್ಕೆ ನಾಲ್ಕೈದು ಲೇಖನ ಹಾಕುವ ತಾಣದ ಹಳೆಯವು ಜಾರಿಹೋಗುತ್ತವೆ. ವರ್ಡ್‌ಪ್ರೆಸ್ ಫೀಡ್‌ನಲ್ಲಿ ಸಾಮಾನ್ಯವಾಗಿ ಕೊನೆಯ 10 ಬರಹ ಮಾತ್ರ ಇರುತ್ತವೆ, ಬ್ಲಾಗರ್‌ನಲ್ಲಿ 25. ದುಡ್ಡು ಕೊಟ್ಟು ಪಡೆಯುವ ಸೇವೆಗಳು ತಮ್ಮ ಸರ್ವರಿನಿಂದ ಹಗಲೂ ರಾತ್ರಿ ನೋಡುತ್ತಿರುತ್ತವೆ, ಫೋನಿನಲ್ಲೂ ಅದೇ ಪಟ್ಟಿ ಸಿಗುತ್ತದೆ. ಬಸ್ಸಿನಲ್ಲಿ ಓದುವವರಾದರೆ ಅದನ್ನೇ ನೋಡಿ. ನನ್ನಂತೆ ಮೇಜಿನ ಮುಂದೆ ಕೂತೇ ಓದುವವರಿಗೆ ಇದು ಧಾರಾಳ ಸಾಕು. ಓಪಿಎಂಎಲ್ ಕಡತವೊಂದನ್ನು, ಅಂದರೆ ನಿಮ್ಮ ಫೀಡ್‌ಗಳ ವಿಳಾಸಪಟ್ಟಿಯನ್ನು, ಆಗಾಗ ಪೆನ್‌ಡ್ರೈವಿಗೆ ಇಳಿಸಿಟ್ಟುಕೊಳ್ಳಿ, ಕಂಪ್ಯೂಟರ್ ಬದಲಾಯಿಸಿದಾಗ ಇಡೀ ಪಟ್ಟಿ ಅದರಿಂದಲೇ ಮರಳಿ ಬರುತ್ತದೆ.

ಐದಕ್ಕೆ ನಾಲ್ಕು ನಕ್ಷತ್ರ. ಉಳಿದ ಒಂದನ್ನು ನಾನು ಹಿಡಿದಿಟ್ಟಿರುವುದು ಆಡ್‌ಆನ್ ಮೇಲಿನ ಸಿಟ್ಟಿಗಲ್ಲ, ಬ್ಲಾಗ್ ಬರೆಯುವವರ ಮೇಲಿನ ಸಿಟ್ಟಿಗೆ. ಫೀಡ್‌ನಲ್ಲಿ ಎರಡು ಸಾಲು ಕೊಟ್ಟು ‘ಮುಂದೆ ಓದಿ’ ಅನ್ನುತ್ತೀರಲ್ಲ ಸ್ವಾಮಿ, ಅಷ್ಟಕ್ಕೆ ಹೊಸ ಟ್ಯಾಬ್ ತೆರೆದು, ಜಾಹೀರಾತು ಸರಿಸಿ, ಕುಕೀ ಅನುಮತಿಗೆ ಹೂಂ ಅಂದು ಓದಬೇಕೆ? ಬ್ಲಾಗರ್‌ನ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಫೀಡ್ ಅಂತಿದೆ, ಅಲ್ಲಿ ‘ಶಾರ್ಟ್’ ತೆಗೆದು ‘ಫುಲ್’ ಮಾಡಿ. ವರ್ಡ್‌ಪ್ರೆಸ್ ಆದರೆ ರೀಡಿಂಗ್ ಸೆಟ್ಟಿಂಗ್ಸ್‌ನಲ್ಲಿ ‘ಫುಲ್ ಟೆಕ್ಸ್ಟ್’. ಬರಹ ಹಿಡಿಸಿದರೆ ಕಾಮೆಂಟ್ ಹಾಕಲು ನಾವೇ ನಿಮ್ಮ ಪುಟಕ್ಕೆ ಬರುತ್ತೇವೆ.