ಅರ್ಧ ಮನೆಯಾದ ಸ್ಕೂಲ್ ಬಸ್ಸೋ, ಖಾಲಿ ಬಸ್ಸೋ?

ಅಮೆರಿಕದಲ್ಲಿ ಹಳೇ ಸ್ಕೂಲ್ ಬಸ್ಸನ್ನೇ ಮನೆ ಮಾಡಿಕೊಳ್ಳಬೇಕು, ಯಾರೋ ಅರ್ಧ ಮನೆ ಮಾಡಿ ಮಾರುತ್ತಿರುವುದನ್ನು ಕೊಳ್ಳಲೋ, ಸೀಟು ಬಿಟ್ಟರೆ ಒಳಗೇನೂ ಇಲ್ಲದ ಖಾಲಿಯದ್ದನ್ನು ಕೊಳ್ಳಲೋ ಅಂತ ಕೇಳಿದ್ದೀರಿ.

ದುಡ್ಡಿಗಿಂತ ಮೊದಲು ತುಕ್ಕು ನೋಡಿ. ಖಾಲಿ ಬಸ್ಸಿನಲ್ಲಿ ರಬ್ಬರ್ ಹಾಸು, ಪ್ಲೈವುಡ್ ಎತ್ತಿದರೆ ಉಕ್ಕಿನ ನೆಲ ಕಾಣುತ್ತದೆ. ಅರ್ಧ ಆದದ್ದರಲ್ಲಿ ಹೊಸ ಹಲಗೆ ಎಲ್ಲವನ್ನೂ ಮುಚ್ಚಿರುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್, ಒಹಾಯೊ ಕಡೆಯ ಬಸ್ಸಾದರೆ ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಲೇಬೇಕು. ಯಾರೋ ಎಳೆದ ವೈರಿಂಗ್, ಗ್ಯಾಸ್ ಪೈಪು ನನಗಂತೂ ಭಯ. ತೆಗೆದು ಹೊಸದು ಹಾಕುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎಂಜಿನ್‌ ಪರೀಕ್ಷೆ ಎರಡಕ್ಕೂ ಒಂದೇ.

ಸೀಟು ಕೀಳುವ ಶ್ರಮ ಬೇಡ, ಹಲಗೆ ಮುಚ್ಚುವ ಮುಂಚಿನ ಕೆಲಸದ ಫೋಟೊಗಳಿವೆ, ಮೋಟರ್‌ಹೋಮ್ (ವಾಸದ ವಾಹನ) ಅಂತ ನೋಂದಣಿಯೂ ಆಗಿದೆ ಅಂದರೆ ಅರ್ಧ ಆದದ್ದೇ ವಾಸಿ. ನಿಮ್ಮ ಎತ್ತರ 6 ಅಡಿ ಮೀರಿದ್ದು, ಚಾವಣಿ ಎತ್ತರಿಸಬೇಕಿದ್ದರೆ ಖಾಲಿಯದ್ದನ್ನೇ ತಗೊಳ್ಳಿ.