ನನ್ನ ಡ್ರ್ಯಾಗ್ ಕಾರಿಗೆ ಒನ್-ವೈರ್ ಆಲ್ಟರ್ನೇಟರ್

ಟೆಕ್ಸಾಸ್‌ನ ಎನ್ನಿಸ್ ಊರಿನಲ್ಲಿ, ನೇರ ದಾರಿಯಲ್ಲಿ ಕಾರು ಓಡಿಸುವ ಡ್ರ್ಯಾಗ್ ರೇಸ್ ಟ್ರ್ಯಾಕ್ ಆದ ಮೋಟರ್‌ಪ್ಲೆಕ್ಸ್‌ನಲ್ಲಿ ನಾನು ಹಳೇ ಶೆವಿ ನೋವಾ ಕಾರು ಓಡಿಸುತ್ತೇನೆ. ನನ್ನದು ಬ್ರ್ಯಾಕೆಟ್ ರೇಸಿಂಗ್. ಇಲ್ಲಿ ವೇಗಕ್ಕಿಂತ ಪ್ರತಿ ಸಲ ಒಂದೇ ಸಮಯ ಬರುವುದು ಮುಖ್ಯ. ಈ ಸೀಸನ್‌ಗೆ ಸಣ್ಣದೊಂದು ಒನ್-ವೈರ್ ಆಲ್ಟರ್ನೇಟರ್ ಹಾಕಿಸಿದೆ. ಎಂಜಿನ್ ಜೊತೆ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ ಅದು, ಜೋಡಿಸಲು ಒಂದೇ ವೈರ್ ಸಾಕು. ತುಂಬಾ ಖುಷಿಯಾಗಿದ್ದೇನೆ.

ಮೊದಲು ಬರೀ 12 ವೋಲ್ಟ್ ಬ್ಯಾಟರಿ ಇತ್ತು. ಓಟ ಕೆಲವೇ ಸೆಕೆಂಡ್‌ನದ್ದು, ಅಷ್ಟು ಸಾಕಲ್ವಾ ಅನ್ನಿಸುತ್ತದೆ. ಆದರೆ ಸಾಲಿನಲ್ಲಿ ಕಾಯಬೇಕು, ಟೈರ್ ಬಿಸಿಯಾಗಲು ಚಕ್ರ ಗಿರ್ರನೆ ತಿರುಗಿಸುವ ಬರ್ನ್‌ಔಟ್ ಮಾಡಬೇಕು, ಪಿಟ್‌ಗೆ ವಾಪಸ್ ಬರಬೇಕು. ಅಷ್ಟೂ ಹೊತ್ತು ಫ್ಯೂಯೆಲ್ ಪಂಪ್, ವಾಟರ್ ಪಂಪ್, ಫ್ಯಾನ್, ಇಗ್ನಿಷನ್ ಎಲ್ಲವೂ ಕರೆಂಟ್ ಎಳೆಯುತ್ತಲೇ ಇರುತ್ತವೆ. ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ ಇರುವುದೇ ಸುಮಾರು 12.6 ವೋಲ್ಟ್. ಲೋಡ್ ಬಿದ್ದರೆ ಇನ್ನೂ ಇಳಿಯುತ್ತದೆ. ವೋಲ್ಟೇಜ್ ಇಳಿದರೆ ಪಂಪ್ ನಿಧಾನ, ಸಮಯ ಏರುಪೇರು. ಕೊನೆಯ ರೌಂಡ್‌ಗಳಲ್ಲಂತೂ ಚಾರ್ಜರ್ ಸಿಕ್ಕಿಸಲು ಬಿಡುವೇ ಇಲ್ಲ.

ಈಗ ಮೀಟರ್ 14 ವೋಲ್ಟ್ ಆಸುಪಾಸಿನಲ್ಲಿ ನಿಂತಿರುತ್ತದೆ. ಆಲ್ಟರ್ನೇಟರ್ ಎಂಜಿನ್ ಶಕ್ತಿ ತಿನ್ನುತ್ತದೆ ಎನ್ನುವವರಿದ್ದಾರೆ. ನಿಜ, ಆದರೆ 60 ಆಂಪ್ ಕೊಡುವಾಗಲೂ ಅದು ಸುಮಾರು 2 ಹಾರ್ಸ್‌ಪವರ್ ಅಷ್ಟೇ. ಬ್ರ್ಯಾಕೆಟ್ ಕಾರಿಗೆ ಅದೇನು ಜಾಸ್ತಿ ಅಲ್ಲ.

ಎರಡು ಮಾತು. ಸ್ಟಾರ್ಟ್ ಮಾಡಿದ ಮೇಲೆ ಒಮ್ಮೆ ಆಕ್ಸಿಲರೇಟರ್ ಒತ್ತಿ, ಆಗಲೇ ಆಲ್ಟರ್ನೇಟರ್ ಚಾರ್ಜ್ ಶುರು ಮಾಡುವುದು. ಇನ್ನು ಕಾರಿನ ಹಿಂಭಾಗದಲ್ಲಿರುವ, ಕರೆಂಟ್ ಕಡಿಯುವ ಕಟ್‌ಆಫ್ ಸ್ವಿಚ್ ಆರಿಸಿದರೆ ಎಂಜಿನ್ ನಿಲ್ಲಲೇಬೇಕು, ಅದು ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮ. ಆಲ್ಟರ್ನೇಟರ್ ವೈರ್ ಸ್ವಿಚ್‌ನ ಬ್ಯಾಟರಿ ಕಡೆಗೇ ಸೇರಲಿ. ಇಲ್ಲದಿದ್ದರೆ ಬ್ಯಾಟರಿ ಕಡಿದರೂ ಎಂಜಿನ್ ಓಡುತ್ತಲೇ ಇರಬಹುದು. ಅಪಘಾತದಲ್ಲಿ ಅದು ಜೀವದ ಪ್ರಶ್ನೆ.

ಫ್ಯಾನ್ ಇಲ್ಲದ, ಡ್ರ್ಯಾಗ್ ರೇಸಿಗೆಂದೇ ಕಟ್ಟಿದ ಉದ್ದನೆಯ ಹಗುರ ಡ್ರ್ಯಾಗ್‌ಸ್ಟರ್‌ಗೆ 16 ವೋಲ್ಟ್ ಬ್ಯಾಟರಿ, ಅದಕ್ಕೆ ಹೊಂದುವ ಚಾರ್ಜರ್ ಸಾಕಾಗುತ್ತದೆ. ನನ್ನಂಥ ಕಾರಿದ್ದರೆ ಆಲ್ಟರ್ನೇಟರನ್ನೇ ಹಾಕಿಸಿ.