ಟೋಕಿಯೊಗೆ ಮೊದಲ ಸಲ: ರೂಮ್ ಶಿಂಜುಕುನಲ್ಲೋ, ಅಸಾಕುಸಾದಲ್ಲೋ?

ಶಿಂಜುಕು ಅಂದರೆ ರಾತ್ರಿಯಿಡೀ ಬೆಳಕು, ಗದ್ದಲ. ಇಲ್ಲಿನ ಸ್ಟೇಷನ್ ಜಗತ್ತಿನಲ್ಲೇ ಅತಿ ಹೆಚ್ಚು ಜನ ಓಡಾಡುವಂಥದ್ದು. ಹೊರಬರುವ ದಾರಿಗಳೇ 200ರ ಆಸುಪಾಸು! ಊರಿನ ಯಾವ ಕಡೆಗೂ ರೈಲು ಸುಲಭವಾಗಿ ಸಿಗುತ್ತದೆ, ನಿಜ. ಆದರೆ ಸೂಟ್‌ಕೇಸ್ ಎಳೆದುಕೊಂಡು ತಪ್ಪು ದಾರಿಯಲ್ಲಿ ಹೊರಬಿದ್ದರೆ ಹೋಟೆಲ್ ತಲುಪುವಷ್ಟರಲ್ಲಿ ಸುಸ್ತು.

ಅಸಾಕುಸಾ ಹಳೆಯ ಪೇಟೆ. ನರಿತಾ, ಹನೇದಾ ಎರಡೂ ವಿಮಾನ ನಿಲ್ದಾಣಗಳಿಂದ ರೈಲು ಬದಲಿಸದೆ ಬರಬಹುದು. ಮೊದಲ ದಿನಕ್ಕೆ ಇದು ಸಣ್ಣ ವಿಷಯ ಅಲ್ಲ. ಸೆನ್ಸೋಜಿ ದೇವಾಲಯಕ್ಕೆ ನಡೆದೇ ಹೋಗಬಹುದು. ಅಂಗಡಿಗಳು ತೆರೆಯುವ ಮುಂಚೆ ಹೋದರೆ ನೂಕುನುಗ್ಗಲು ಇರುವುದಿಲ್ಲ. 1927ರಲ್ಲಿ ಟೋಕಿಯೊದ ಮೊದಲ ಸಬ್‌ವೇ ಓಡಿದ್ದೂ ಇಲ್ಲಿಂದ ಉಎನೊಗೆ. ಅದೇ ಗಿಂಜಾ ಲೈನ್‌ನಲ್ಲಿ ಶಿಬುಯಾಗೆ ಸುಮಾರು ಅರ್ಧ ಗಂಟೆ. ಸಂಜೆಯಾದರೆ ಮಾತ್ರ ದೇವಾಲಯದ ಬೀದಿ ಬೇಗ ಖಾಲಿ.

ಸಸ್ಯಾಹಾರಿಗಳಿಗೆ ಎರಡೂ ಕಡೆ ಒಂದೇ ತಾಪತ್ರಯ: ತರಕಾರಿ ನೂಡಲ್ಸ್ ಅಂದುಕೊಂಡಿದ್ದರ ಸಾರಿನಲ್ಲೂ ಮೀನು ಇರುತ್ತದೆ. ಕೇಳಿಯೇ ತಿನ್ನಿ.

ಅಪ್ಪ-ಅಮ್ಮ, ಮಕ್ಕಳು ಜೊತೆಗಿದ್ದರೆ ನಾನಂತೂ ಅಸಾಕುಸಾ ಅನ್ನುತ್ತೇನೆ. ರಾತ್ರಿ ತಿರುಗಾಟವೇ ಮುಖ್ಯ ಅನ್ನುವ ಗೆಳೆಯರ ಗುಂಪಾದರೆ ಶಿಂಜುಕು ಸರಿ. ಯಾಕೆಂದರೆ ರೈಲುಗಳು ಮಧ್ಯರಾತ್ರಿ ಹೊತ್ತಿಗೆ ನಿಲ್ಲುತ್ತವೆ, ಟ್ಯಾಕ್ಸಿ ದುಬಾರಿ.